ಹ್ಯಾನ್ಸ್ ಸೆಲ್ಯೆ: ಹೆದರಿಕೆಯ ಜಾಡು ಹಿಡಿದ ವೈದ್ಯ

ಹತ್ತನೇ ತರಗತಿಯ ಹಾರ್ಮೋನುಗಳ ಪಾಠದಲ್ಲಿ ಅಡ್ರಿನಲಿನ್ ಬಗ್ಗೆ ಒಂದು ಪುಟ್ಟ ಭಾಗವಿದೆ. ಹೆದರಿದಾಗ ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಜೀರ್ಣಾಂಗಗಳ ಕಡೆ ಹೋಗುವ ರಕ್ತ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ ಎಂಬಷ್ಟನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ. ಬೋಧನಾಭ್ಯಾಸಕ್ಕಾಗಿ ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಈ ಪಾಠ ನನ್ನ ಪಾಲಿಗೆ ಬಂತು. ಪರಿಕಲ್ಪನೆಯೊಂದನ್ನು ವಿಜ್ಞಾನಿಯ ಜೀವನದ ಮೂಲಕ ಕಟ್ಟಿಕೊಡುವ ವಿಧಾನವನ್ನು ವಿಜ್ಞಾನ ಬೋಧನಾಶಾಸ್ತ್ರದ ತರಗತಿಯಲ್ಲಿ ಓದಿದ್ದೆವು. ಅದನ್ನು ಪ್ರಯೋಗಿಸಿ ನೋಡಲು ನಾನು ಆರಿಸಿಕೊಂಡದ್ದು ಹ್ಯಾನ್ಸ್ ಸೆಲ್ಯೆ ಅವರ ಜೀವನವನ್ನು.

ಈ ಆಯ್ಕೆಗೆ ಎರಡು ಕಾರಣಗಳಿದ್ದವು. ಒತ್ತಡ ಎಂಬ ಮಾತನ್ನು ಇಂದು ನಾವೆಲ್ಲ ಬಳಸುವ ಅರ್ಥದಲ್ಲಿ ವೈದ್ಯಶಾಸ್ತ್ರಕ್ಕೆ ತಂದವರು ಅವರು. ಇನ್ನೊಂದು, ಅವರು ಎತ್ತಿದ ಮುಖ್ಯ ಪ್ರಶ್ನೆಯೊಂದಕ್ಕೆ ಉತ್ತರ ಕಂಡುಹಿಡಿದವರು ಅವರಲ್ಲ, ಅವರ ಶಿಷ್ಯನ ಶಿಷ್ಯ. ಆ ಉತ್ತರ ಮಿದುಳಿನಲ್ಲಿ ತಯಾರಾಗುವ ಒಂದು ಪೆಪ್ಟೈಡ್. ಮಗುವಿನ ಹೆದರಿಕೆ ಎಲ್ಲಿಂದ ಹುಟ್ಟುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಶಿಕ್ಷಕರಾಗಲು ಹೊರಟವರು ತಿಳಿಯಲೇಬೇಕು ಎಂದು ನನಗೆ ಮನವರಿಕೆ ಮಾಡಿಕೊಟ್ಟದ್ದೂ ಈ ಕಥೆಯೇ.

ಪ್ರಾಗ್ ನಗರದ ವಿದ್ಯಾರ್ಥಿ

ಸೆಲ್ಯೆ ಹುಟ್ಟಿದ್ದು 1907ರ ಜನವರಿ 26ರಂದು, ವಿಯೆನ್ನಾದಲ್ಲಿ. ತಂದೆ ಹಂಗೇರಿಯವರು, ಸೈನ್ಯದಲ್ಲಿ ವೈದ್ಯರಾಗಿದ್ದರು; ತಾಯಿ ಆಸ್ಟ್ರಿಯಾದವರು. ಬಾಲ್ಯ ಕಳೆದದ್ದು ಡಾನ್ಯೂಬ್ ನದಿಯ ದಂಡೆಯ ಕೊಮಾರೊಮ್ ಪಟ್ಟಣದಲ್ಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದು, ಹೊಸ ಗಡಿರೇಖೆ ಆ ನದಿಯ ಮೇಲೆಯೇ ಹಾದುಹೋಯಿತು. ಒಂದೇ ಊರಿನ ಎರಡು ದಡಗಳು ಎರಡು ದೇಶಗಳಾದವು.

ಸೆಲ್ಯೆ ವೈದ್ಯಕೀಯ ಓದಿದ್ದು ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದಲ್ಲಿ. 1929ರಲ್ಲಿ ವೈದ್ಯ ಪದವಿ, 1931ರಲ್ಲಿ ರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ವಿದ್ಯಾರ್ಥಿಯಾಗಿದ್ದಾಗ ನಡೆದ ಒಂದು ಪಾಠ ಅವರ ಜೀವನದ ದಿಕ್ಕನ್ನೇ ನಿರ್ಧರಿಸಿತು. ಅಧ್ಯಾಪಕರು ಬೇರೆಬೇರೆ ಸೋಂಕು ರೋಗಗಳಿದ್ದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಯಾವ ಲಕ್ಷಣದಿಂದ ಯಾವ ರೋಗವನ್ನು ಗುರುತಿಸಬೇಕೆಂದು ತೋರಿಸುತ್ತಿದ್ದರು. ಸೆಲ್ಯೆ ಗಮನ ಹೋದದ್ದು ಆ ರೋಗಿಗಳೆಲ್ಲರಲ್ಲೂ ಒಂದೇ ಆಗಿದ್ದ ಲಕ್ಷಣಗಳ ಕಡೆಗೆ. ಎಲ್ಲರ ನಾಲಗೆಯೂ ಬಿಳಿಚಿತ್ತು, ಎಲ್ಲರಿಗೂ ಮೈಕೈ ನೋವು, ಯಾರಿಗೂ ಊಟ ಸೇರುತ್ತಿರಲಿಲ್ಲ, ಎಲ್ಲರೂ ಸೊರಗಿದ್ದರು. ರೋಗ ಪತ್ತೆಹಚ್ಚಲು ಈ ಸಾಮಾನ್ಯ ಲಕ್ಷಣಗಳಿಂದ ಪ್ರಯೋಜನವಿಲ್ಲವಾದ್ದರಿಂದ ಪಾಠದಲ್ಲಿ ಅವುಗಳಿಗೆ ಜಾಗವಿರಲಿಲ್ಲ. ರೋಗ ಯಾವುದೇ ಇರಲಿ, ರೋಗಿಯಾಗುವುದು ಎಂಬುದಕ್ಕೇ ಒಂದು ಸಾಮಾನ್ಯ ರೂಪವಿದೆಯೇ ಎಂಬ ಪ್ರಶ್ನೆ ಅವರ ತಲೆಯಲ್ಲಿ ಉಳಿಯಿತು. ಅದಕ್ಕೆ ಉತ್ತರದ ಮೊದಲ ಎಳೆ ಸಿಗಲು ಸುಮಾರು ಹತ್ತು ವರ್ಷ ಬೇಕಾಯಿತು.

ಕೆಟ್ಟುಹೋದಂತೆ ಕಂಡ ಪ್ರಯೋಗ

1931ರಲ್ಲಿ ಸೆಲ್ಯೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕಕ್ಕೆ ಹೋದರು. ಅಲ್ಲಿಂದ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಬಂದು ಜೆ. ಬಿ. ಕಾಲಿಪ್ ಅವರ ಪ್ರಯೋಗಾಲಯ ಸೇರಿದರು. ಇನ್ಸುಲಿನ್ ಅನ್ನು ರೋಗಿಗಳಿಗೆ ಕೊಡುವಷ್ಟು ಶುದ್ಧಗೊಳಿಸಿದ ಖ್ಯಾತಿ ಕಾಲಿಪ್ ಅವರದು. ಹಸುವಿನ ಅಂಡಾಶಯದಲ್ಲಿ ಹೊಸ ಹಾರ್ಮೋನು ಇರಬಹುದೇ ಎಂದು ಹುಡುಕುವುದು ಸೆಲ್ಯೆ ಪಾಲಿನ ಕೆಲಸವಾಗಿತ್ತು. ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿ, ಮುಂದೆ ಅವುಗಳ ದೇಹದಲ್ಲಿ ಏನು ಬದಲಾಗಿದೆ ಎಂದು ನೋಡುತ್ತಿದ್ದರು.

ಮೂರು ಬದಲಾವಣೆಗಳು ಕಂಡವು. ಮೂತ್ರಪಿಂಡದ ಮೇಲೆ ಟೊಪ್ಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಹೊರಪದರ ದಪ್ಪಗಾಗಿತ್ತು. ಎದೆಯಲ್ಲಿರುವ ಥೈಮಸ್ ಮತ್ತು ದುಗ್ಧಗ್ರಂಥಿಗಳು ಕುಗ್ಗಿದ್ದವು. ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣುಗಳಾಗಿದ್ದವು. ಹೊಸ ಹಾರ್ಮೋನು ಸಿಕ್ಕಿತೆಂದು ಸೆಲ್ಯೆ ಸಂತೋಷಪಟ್ಟರು. ಆದರೆ ಬೇರೆ ಅಂಗಗಳ ಸಾರ ಚುಚ್ಚಿದಾಗಲೂ ಅದೇ ಮೂರು ಬದಲಾವಣೆಗಳು ಕಂಡವು. ಹಾರ್ಮೋನಿಗೂ ತನಗೂ ಸಂಬಂಧವೇ ಇಲ್ಲದ ಫಾರ್ಮಾಲಿನ್ ಚುಚ್ಚಿದಾಗಲೂ ಅವೇ. ಅಲ್ಲಿಗೆ ಹೊಸ ಹಾರ್ಮೋನಿನ ಕನಸು ಮುಗಿಯಿತು.

ಇಲ್ಲಿ ನಾನು ಕಥೆ ನಿಲ್ಲಿಸಿ, ನೀವಾಗಿದ್ದರೆ ಮುಂದೇನು ಮಾಡುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿದೆ. ಬೇರೆ ಪ್ರಯೋಗ ಹಿಡಿಯುತ್ತಿದ್ದೆವು ಎಂದವರೇ ಹೆಚ್ಚು. ಸೆಲ್ಯೆ ಹಾಗೆ ಮಾಡಲಿಲ್ಲ. ಪ್ರಾಗ್ ನಗರದ ಆ ರೋಗಿಗಳು ಅವರಿಗೆ ನೆನಪಾದರು. ಇಲಿಗಳನ್ನು ಚಳಿಗೆ ಒಡ್ಡಿದರು, ದಣಿಯುವಷ್ಟು ಓಡಿಸಿದರು, ಗಾಯ ಮಾಡಿದರು, ಬೇರೆಬೇರೆ ಔಷಧಿ ಚುಚ್ಚಿದರು. ಕಾರಣ ಯಾವುದಾದರೂ ದೇಹದ ಉತ್ತರ ಒಂದೇ ಆಗಿತ್ತು. 1936ರ ಜುಲೈ 4ರ ನೇಚರ್ ಪತ್ರಿಕೆಯಲ್ಲಿ ಈ ಸಂಗತಿ ಒಂದು ಚಿಕ್ಕ ಬರಹವಾಗಿ ಪ್ರಕಟವಾಯಿತು. ಆಗ ಅವರಿಗೆ 29 ವರ್ಷ.

ಈ ಉತ್ತರ ಮೂರು ಹಂತಗಳಲ್ಲಿ ನಡೆಯುತ್ತದೆ ಎಂದು ಅವರು ವಿವರಿಸಿದರು. ಮೊದಲನೆಯದು ದೇಹ ಎಚ್ಚರಗೊಳ್ಳುವ ಹಂತ, ಎರಡನೆಯದು ಎದುರಿಸಿ ನಿಲ್ಲುವ ಹಂತ, ಮೂರನೆಯದು ದಣಿದು ಸೋಲುವ ಹಂತ. ಅಮೆರಿಕದ ವಾಲ್ಟರ್ ಕ್ಯಾನನ್ ಅದಾಗಲೇ ಅಡ್ರಿನಲಿನ್ ಮತ್ತು ಹೆದರಿಕೆಯ ನಂಟನ್ನು ತೋರಿಸಿದ್ದರು. ಅದು ಕೆಲವು ನಿಮಿಷಗಳ ಕಥೆ. ಕಷ್ಟ ದಿನಗಟ್ಟಲೆ ಮುಂದುವರಿದರೆ ದೇಹಕ್ಕೆ ಏನಾಗುತ್ತದೆ ಎಂಬುದು ಸೆಲ್ಯೆ ಸೇರಿಸಿದ ಭಾಗ.

ಒತ್ತಡ ಎಂಬ ಪದ

ತಾವು ಕಂಡದ್ದಕ್ಕೆ ಸೆಲ್ಯೆ ಸ್ಟ್ರೆಸ್ ಎಂಬ ಹೆಸರು ಕೊಟ್ಟರು. ಅದು ಭೌತವಿಜ್ಞಾನದಿಂದ ತಂದ ಪದ. ಹೊರಗಿನ ಬಲ ಬೇರೆ, ಆ ಬಲಕ್ಕೆ ವಸ್ತುವಿನಲ್ಲಿ ಆಗುವ ಬದಲಾವಣೆ ಬೇರೆ ಎಂದು ಭೌತವಿಜ್ಞಾನ ಹೇಳುತ್ತದೆ. ಸೆಲ್ಯೆಗೆ ಬೇಕಾಗಿದ್ದದ್ದು ಎರಡನೆಯದನ್ನು ಹೇಳುವ ಪದ. ಆರಿಸಿದ್ದು ಮೊದಲನೆಯದಕ್ಕೆ ಹತ್ತಿರದ ಪದ. ಆಗ ತಮಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ಪದ ಪ್ರಪಂಚವನ್ನೆಲ್ಲ ಸುತ್ತಿಬಂದಿತ್ತು.

ಕನ್ನಡದಲ್ಲೂ ಇದೇ ತೊಡಕಿದೆ. ವಿಜ್ಞಾನ ಪುಸ್ತಕದಲ್ಲಿ ಒತ್ತಡ ಎಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ. ಮನೆಯಲ್ಲಿ ಅದೇ ಪದಕ್ಕೆ ಪರೀಕ್ಷೆಯ ತಲೆಬಿಸಿ ಎಂಬ ಅರ್ಥ. ಎರಡೂ ಅರ್ಥಗಳನ್ನು ಮೊದಲೇ ಬಿಡಿಸಿ ಹೇಳಿದರೆ ಪಾಠ ಸುಲಭವಾಗುತ್ತದೆ. ನಾನು ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಇದನ್ನು ಬರೆಸಿದೆ.

1945ರಲ್ಲಿ ಸೆಲ್ಯೆ ಅದೇ ನಗರದ ಮಾಂಟ್ರಿಯಲ್ ವಿಶ್ವವಿದ್ಯಾಲಯಕ್ಕೆ ಸೇರಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು; 1976ರವರೆಗೆ ಅದರ ನಿರ್ದೇಶಕರಾಗಿದ್ದರು. ಗ್ಲುಕೋಕಾರ್ಟಿಕಾಯ್ಡ್ ಎಂದು ಇಂದು ನಾವು ಓದುವ ಹೆಸರು ಅವರು ಕೊಟ್ಟದ್ದೇ. ಒತ್ತಡವೆಲ್ಲ ಕೆಟ್ಟದ್ದಲ್ಲ, ಮನಸ್ಸಿಗೆ ಹಿಡಿಸಿದ ಕೆಲಸದ ಒತ್ತಡ ಬದುಕಿಗೆ ಬೇಕು ಎಂಬುದನ್ನೂ ಅವರು ತಮ್ಮ ಪುಸ್ತಕಗಳಲ್ಲಿ ವಿವರಿಸಿದರು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ.

ಅವರ ಜೀವನದಲ್ಲಿ ಮುಚ್ಚಿಡಬಾರದ ಸಂಗತಿಯೊಂದಿದೆ. ತಂಬಾಕು ಉದ್ಯಮದಿಂದ ಅವರು ಸಂಶೋಧನೆಗೆ ಹಣ ಪಡೆದರು. ಒತ್ತಡ ತಗ್ಗಿಸಲು ಧೂಮಪಾನದಿಂದ ಕೆಲವರಿಗೆ ಅನುಕೂಲವಾಗಬಹುದು ಎಂಬ ವಾದಕ್ಕೆ ತಮ್ಮ ಹೆಸರಿನ ಬಲ ಕೊಟ್ಟರು. ಆ ಉದ್ಯಮದ ಒಳಗಿನ ಕಾಗದಪತ್ರಗಳು ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಹೊರಬಿದ್ದಾಗ ಈ ನಂಟಿನ ಆಳ ಜನರಿಗೆ ತಿಳಿಯಿತು. ಮಕ್ಕಳಿಗೆ ಇದನ್ನೂ ಹೇಳಿದೆ. ವಿಜ್ಞಾನಿಯ ಮಾತೆಂದು ಒಪ್ಪುವ ಮೊದಲು ಅದರ ಆಧಾರ ಯಾವುದು, ಹಣ ಯಾರದು ಎಂದು ಕೇಳುವುದೂ ವೈಜ್ಞಾನಿಕ ಮನೋಭಾವವೇ.

ಉತ್ತರ ಸಿಗದ ಪ್ರಶ್ನೆ

ಅಡ್ರಿನಲ್ ಹೊರಪದರ ದಪ್ಪಗಾಗುವುದು ಪಿಟ್ಯುಟರಿ ಗ್ರಂಥಿಯ ಆಜ್ಞೆಯಿಂದ ಎಂಬುದನ್ನು ಸೆಲ್ಯೆ ತೋರಿಸಿದ್ದರು. ಪಿಟ್ಯುಟರಿ ತೆಗೆದ ಇಲಿಗಳಲ್ಲಿ ಆ ಬದಲಾವಣೆ ಆಗುತ್ತಿರಲಿಲ್ಲ. ಆದರೆ ಚಳಿಯೋ ಗಾಯವೋ ಹೆದರಿಕೆಯೋ ಬಂದಿದೆ ಎಂದು ಪಿಟ್ಯುಟರಿಗೆ ತಿಳಿಸುವವರು ಯಾರು? ಈ ಮೊದಲ ಸಂದೇಶವಾಹಕವನ್ನು ಸೆಲ್ಯೆ ಹುಡುಕಿದರು, ಅವರಿಗೆ ಸಿಗಲಿಲ್ಲ.

ಮಕ್ಕಳಿಗೆ ಇದನ್ನು ತಿಳಿಸಲು ನಾನು ನಾಲೆಯ ಉದಾಹರಣೆ ಬಳಸಿದೆ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಗೆ, ಅಲ್ಲಿಂದ ಉಪನಾಲೆಗೆ, ಕೊನೆಗೆ ತೂಬಿನ ಮೂಲಕ ಗದ್ದೆಗೆ ಬರುತ್ತದೆ. ಗದ್ದೆಗೆ ನೀರು ಬಂದದ್ದು ಕಾಣುತ್ತದೆ, ತೂಬು ತೆರೆದದ್ದೂ ಕಾಣುತ್ತದೆ. ಆದರೆ ಮೇಲೆ ಕಟ್ಟೆಯಲ್ಲಿ ಮೊದಲ ಬಾಗಿಲು ಎತ್ತಿದವರು ಯಾರೆಂದು ಗದ್ದೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಅಡ್ರಿನಲ್ ಗ್ರಂಥಿ ಗದ್ದೆಯಾದರೆ ಪಿಟ್ಯುಟರಿ ತೂಬು. ಸೆಲ್ಯೆ ಅಲ್ಲಿಯವರೆಗೆ ನಡೆದುಹೋಗಿದ್ದರು. ನಾಗಮಂಗಲ, ಕೆ.ಆರ್. ಪೇಟೆ ಕಡೆ ಪಾಠ ಮಾಡುವವರು ಇದಕ್ಕೆ ಹೇಮಾವತಿ ನಾಲೆಯನ್ನು ತೆಗೆದುಕೊಳ್ಳಬಹುದು.

ಫ್ರಾನ್ಸ್ ದೇಶದ ಯುವ ವೈದ್ಯ ರೋಜರ್ ಗಿಯಮಾಂ, ಪ್ಯಾರಿಸ್ ನಗರದಲ್ಲಿ ಸೆಲ್ಯೆ ಉಪನ್ಯಾಸ ಕೇಳಿ ಆಕರ್ಷಿತರಾಗಿ ಮಾಂಟ್ರಿಯಲ್‌ಗೆ ಬಂದು ಅವರ ಶಿಷ್ಯರಾದರು. 1955ರಲ್ಲಿ ಗಿಯಮಾಂ ಅವರ ತಂಡವೂ ಮೆಕ್‌ಗಿಲ್‌ನಲ್ಲಿದ್ದ ಆಂಡ್ರ್ಯೂ ಶ್ಯಾಲಿ ಅವರ ತಂಡವೂ, ಪಿಟ್ಯುಟರಿಯ ಮೇಲಿರುವ ಹೈಪೋಥಲಾಮಸ್‌ನಲ್ಲಿ ಆ ಸಂದೇಶವಾಹಕ ಇದೆ ಎಂದು ತೋರಿಸಿದವು. ಇದೆ ಎಂದು ತೋರಿಸುವುದು ಒಂದು ಮಾತು, ಅದನ್ನು ಬೇರ್ಪಡಿಸಿ ರಚನೆ ಓದುವುದು ಇನ್ನೊಂದು ಮಾತು. ಇಬ್ಬರೂ ವರ್ಷಗಟ್ಟಲೆ ಪೈಪೋಟಿಯಿಂದ ಹುಡುಕಿದರು. ಅದರ ಬದಲು ಥೈರಾಯ್ಡ್ ಮತ್ತು ಬೆಳವಣಿಗೆಯನ್ನು ನಿಯಂತ್ರಿಸುವ ಬೇರೆ ಮಿದುಳಿನ ಪೆಪ್ಟೈಡುಗಳು ಸಿಕ್ಕಿ, 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒತ್ತಡದ ಸಂದೇಶವಾಹಕ ಮಾತ್ರ ಕೈಗೆ ಸಿಗಲಿಲ್ಲ.

ಅದನ್ನು ಹಿಡಿದವರು ಗಿಯಮಾಂ ಅವರ ಶಿಷ್ಯ ವೈಲಿ ವೇಲ್. 1981ರಲ್ಲಿ, ಐದು ಲಕ್ಷಕ್ಕೆ ಹತ್ತಿರದಷ್ಟು ಕುರಿಗಳ ಹೈಪೋಥಲಾಮಸ್ ತುಣುಕುಗಳಿಂದ, ಅವರ ತಂಡ ಅದನ್ನು ಬೇರ್ಪಡಿಸಿ ರಚನೆಯನ್ನು ಪ್ರಕಟಿಸಿತು. ಅದಕ್ಕೆ ಸಿಆರ್‌ಎಫ್ ಎಂಬ ಚಿಕ್ಕ ಹೆಸರಿದೆ. ಕುರಿಯ ಲೆಕ್ಕ ಕೇಳಿ ತರಗತಿಯಲ್ಲಿ ಗದ್ದಲವೇ ಆಯಿತು. ಮಂಡ್ಯ ತಳಿ ಎಂದೇ ಹೆಸರಾದ ಬನ್ನೂರು ಕುರಿಯನ್ನು ಬಲ್ಲ ಮಕ್ಕಳು ಅವರು. ಒಂದು ಕುರಿಯ ಮಿದುಳಿನಲ್ಲಿ ಈ ವಸ್ತು ಎಷ್ಟು ಅಲ್ಪವಾಗಿರಬೇಕು ಎಂಬುದನ್ನು ಅವರೇ ಊಹಿಸಿ ಹೇಳಿದರು. ಸೆಲ್ಯೆಗೆ ಆಗ 74 ವರ್ಷ. 1982ರ ಅಕ್ಟೋಬರ್ 16ರಂದು ಅವರು ಮಾಂಟ್ರಿಯಲ್‌ನಲ್ಲಿ ತೀರಿಕೊಂಡರು.

ಪೆಪ್ಟೈಡ್ ಮಾಡುವ ಕೆಲಸ

ಪ್ರೋಟೀನಿನಂತೆ ಪೆಪ್ಟೈಡ್ ಕೂಡ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ, ಆದರೆ ಗಿಡ್ಡದು. ಪ್ರೋಟೀನನ್ನು ಮಾರುಗಟ್ಟಲೆ ಕಟ್ಟಿದ ಹೂವೆಂದರೆ ಪೆಪ್ಟೈಡ್ ಒಂದು ಮೊಳ ಹೂವು. ಸಿಆರ್‌ಎಫ್ ಸರದಲ್ಲಿ 41 ಅಮೈನೋ ಆಮ್ಲಗಳಿವೆ. ಇಲಿಯಲ್ಲೂ ಮನುಷ್ಯನಲ್ಲೂ ಆ 41ರ ಜೋಡಣೆ ಒಂದೇ.

ಅಪಾಯ ಕಂಡಾಗ ಹೈಪೋಥಲಾಮಸ್ ಸಿಆರ್‌ಎಫ್ ಬಿಡುತ್ತದೆ. ಅದು ಸಣ್ಣ ರಕ್ತನಾಳಗಳ ಮೂಲಕ ಪಿಟ್ಯುಟರಿ ತಲುಪುತ್ತದೆ. ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನು ಬಿಡುತ್ತದೆ. ಅದು ಪೆಪ್ಟೈಡೇ, 39 ಅಮೈನೋ ಆಮ್ಲಗಳದು. ಅದರ ಆಜ್ಞೆಯಂತೆ ಅಡ್ರಿನಲ್ ಹೊರಪದರ ಕಾರ್ಟಿಸೋಲ್ ಬಿಡುತ್ತದೆ. ಕಾರ್ಟಿಸೋಲ್ ಸಾಕಷ್ಟಾದಾಗ ಅದೇ ಮಿದುಳಿಗೆ ಹಿಂದಿರುಗಿ, ಮೊದಲ ಬಾಗಿಲು ಮುಚ್ಚಲು ಹೇಳುತ್ತದೆ. ಗದ್ದೆ ತುಂಬಿದಾಗ ನೀರುಗಂಟಿ ತೂಬು ಮುಚ್ಚುವ ಹಾಗೆ. ಹೆದರಿಕೆಯ ಕಾರಣ ದಿನವೂ ಬರುತ್ತಿದ್ದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ಈ ಪೆಪ್ಟೈಡ್ ಪಿಟ್ಯುಟರಿಗೆ ಸುದ್ದಿ ಮುಟ್ಟಿಸಿ ಸುಮ್ಮನಾಗುವುದಿಲ್ಲ. ಬಾದಾಮಿ ಬೀಜದಾಕಾರದ ಅಮಿಗ್ಡಲ ಎಂಬ ಭಾಗದಲ್ಲೂ ಅದು ಕೆಲಸ ಮಾಡುತ್ತದೆ. ಹೆದರಿಕೆಯನ್ನು ಗುರುತಿಸಿ ನೆನಪಿಡುವ ಭಾಗ ಅದು. ಇಲಿಯ ಮಿದುಳಿಗೆ ಸಿಆರ್‌ಎಫ್ ಕೊಟ್ಟಾಗ ಅದು ಹೊಸ ಜಾಗದಲ್ಲಿ ಓಡಾಡಿ ನೋಡಲು ಹಿಂಜರಿಯಿತು, ಸಣ್ಣ ಸದ್ದಿಗೂ ಹೆಚ್ಚು ಬೆಚ್ಚಿತು. ಪಿಟ್ಯುಟರಿ ತೆಗೆದ ಇಲಿಗಳ ನಡವಳಿಕೆಯನ್ನೂ ಅದು ಬದಲಿಸಿತು. ಎಂದರೆ ಆತಂಕದ ಅನುಭವದಲ್ಲೇ ಅದಕ್ಕೊಂದು ಪಾಲಿದೆ.

ಇದಕ್ಕೆ ಎದುರಾಗಿ ನಿಲ್ಲುವ ಪೆಪ್ಟೈಡುಗಳೂ ಮಿದುಳಿನಲ್ಲಿವೆ. 1982ರಲ್ಲಿ ವರದಿಯಾದ, 36 ಅಮೈನೋ ಆಮ್ಲಗಳ ನ್ಯೂರೋಪೆಪ್ಟೈಡ್ ವೈ ಪ್ರಾಣಿಗಳಲ್ಲಿ ಆತಂಕ ತಗ್ಗಿಸುತ್ತದೆ. ಕೇವಲ ಒಂಬತ್ತು ಅಮೈನೋ ಆಮ್ಲಗಳ ಆಕ್ಸಿಟೋಸಿನ್, ಹೆರಿಗೆಗೆ ಮತ್ತು ಎದೆಹಾಲಿಗೆ ನೆರವಾಗುವುದರ ಜೊತೆಗೆ ಅಮಿಗ್ಡಲದ ಪ್ರತಿಕ್ರಿಯೆಯನ್ನೂ ತಗ್ಗಿಸಬಲ್ಲದೆಂದು ಅಧ್ಯಯನಗಳು ತೋರಿಸಿವೆ. ಹಾಗೆಂದು ಒಂದು ಪೆಪ್ಟೈಡನ್ನು ತಡೆದರೆ ಆತಂಕ ಹೋಗುತ್ತದೆ ಎನ್ನಲಾಗದು. ಸಿಆರ್‌ಎಫ್ ಕೆಲಸವನ್ನು ತಡೆಯುವ ಔಷಧಿಗಳು ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ, ಮನುಷ್ಯರಲ್ಲಿ ನಿರಾಸೆ ತಂದವು.

ಬೆಂಗಳೂರಿನ ಪ್ರಯೋಗ, ನಮ್ಮ ತರಗತಿ

ಸೆಲ್ಯೆ ಆರಂಭಿಸಿದ ದಾರಿ ನಮ್ಮ ರಾಜ್ಯಕ್ಕೂ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಒಂದು ಮುಖ್ಯ ಫಲಿತಾಂಶ ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟಾಗ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು. ಹೆದರಿಕೆಗೆ ಸಂಬಂಧಿಸಿದ ಅಮಿಗ್ಡಲದ ನರಕೋಶಗಳ ಕವಲುಗಳು ಹೆಚ್ಚಿದವು. ಹಿಂಸೆ ನಿಲ್ಲಿಸಿ 21 ದಿನ ಬಿಟ್ಟಾಗ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲ ಮಾತ್ರ ಮೊದಲಿನಂತಾಗಲಿಲ್ಲ ಎಂದು ಅದೇ ತಂಡ ಮುಂದೆ ತೋರಿಸಿತು.

ಇಲಿಯ ಫಲಿತಾಂಶವನ್ನು ಹಾಗೆಯೇ ಮಗುವಿಗೆ ಹೊಂದಿಸಬಾರದು. ಆದರೂ ಶಿಕ್ಷಕರು ಯೋಚಿಸಲು ಇಷ್ಟು ಸಾಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಿಗೆ ಹೋಗಿಬಂದ ನಾವು ಪ್ರಶಿಕ್ಷಣಾರ್ಥಿಗಳು ಅವಲೋಕನ ಪುಸ್ತಕಗಳನ್ನು ಎದುರಿಟ್ಟುಕೊಂಡು ಕೂತಾಗ, ಒಂದು ಮಾತು ಎಲ್ಲರ ಪುಟಗಳಲ್ಲೂ ಇತ್ತು: ನೋಟ್‌ಬುಕ್ಕಿನಲ್ಲಿ ಸರಿಯಾಗಿ ಬರೆದ ಉತ್ತರವನ್ನೇ, ಎದ್ದು ನಿಂತು ಹೇಳು ಎಂದಾಗ ಹೇಳಲಾಗದ ಮಕ್ಕಳಿದ್ದಾರೆ. ಇಂಥ ಮಗುವಿಗೆ ಓದು ಬಾರದು, ಧೈರ್ಯ ಸಾಲದು ಎಂದು ಷರಾ ಬರೆಯುವುದು ಸುಲಭ. ಆ ಹೊತ್ತಿನಲ್ಲಿ ಮಗುವಿನ ಮಿದುಳಿನಲ್ಲಿ ಒಂದು ಬಾಗಿಲು ತೆರೆದಿದೆ, ಅದನ್ನು ತೆರೆದದ್ದು ನಮ್ಮ ದನಿಯೋ ಕಣ್ಣೋ ಇರಬಹುದು ಎಂದು ತಿಳಿದವರು ಆ ಷರಾ ಬರೆಯುವ ಮೊದಲು ಸ್ವಲ್ಪ ತಡೆಯುತ್ತಾರೆ.

ನನ್ನ ಪಾಠದಲ್ಲಿ ಮಕ್ಕಳಿಗೆ, ತಮಗೆ ಹೆದರಿಕೆ ತರುವ ಸಂಗತಿಗಳನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆಯಲು ಹೇಳಿದೆ. ಕಬ್ಬಿನ ಗದ್ದೆಯ ಚಿರತೆ, ಹಾವು, ಗಣಿತದ ಪರೀಕ್ಷೆ, ಎಲ್ಲರೆದುರು ಬೈಸಿಕೊಳ್ಳುವುದು ಎಂದೆಲ್ಲ ಬಂದವು. ಇವುಗಳಲ್ಲಿ ಬಂದು ಹೋಗುವ ಹೆದರಿಕೆ ಯಾವುದು, ದಿನವೂ ಜೊತೆಗಿರುವ ಹೆದರಿಕೆ ಯಾವುದು ಎಂದು ಗುಂಪುಗಳಲ್ಲಿ ವಿಂಗಡಿಸಿದರು. ಚಿರತೆ ಮೊದಲ ಪಟ್ಟಿಗೆ ಹೋಯಿತು. ಎರಡನೇ ಪಟ್ಟಿಯಲ್ಲಿ ಉಳಿದವುಗಳಲ್ಲಿ ಹೆಚ್ಚಿನವು ಶಾಲೆಯವೇ. ಸೆಲ್ಯೆ ಹೇಳಿದ ಮೂರು ಹಂತಗಳನ್ನು ಇದಾದ ಮೇಲೆ ವಿವರಿಸುವುದು ಕಷ್ಟವಾಗಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗು ಭಯ, ಆಘಾತ, ಆತಂಕಗಳಿಲ್ಲದೆ ಕಲಿಯಬೇಕೆಂದು 29ನೇ ಸೆಕ್ಷನ್ ಹೇಳುತ್ತದೆ. ಬಿ.ಇಡಿ. ಪರೀಕ್ಷೆಗೆ ನಾವು ಇವನ್ನು ಬಾಯಿಪಾಠ ಮಾಡುತ್ತೇವೆ. ಸೆಲ್ಯೆ ಜೀವನ ಓದಿದ ಮೇಲೆ ನನಗೆ ಇವು ಜೀವವಿಜ್ಞಾನದ ಮಾತುಗಳಾಗಿಯೂ ಕಂಡವು.

ಈ ಪಾಠವನ್ನು ಮಾಡಲಿರುವ ಸಹಪಾಠಿಗಳಿಗೆ ಮೂರು ಸೂಚನೆಗಳು. ಒಂದು, ಫಾರ್ಮಾಲಿನ್ ಪ್ರಯೋಗದ ಬಳಿ ಕಥೆ ನಿಲ್ಲಿಸಿ ಮಕ್ಕಳಿಗೆ ಊಹಿಸಲು ಸಮಯ ಕೊಡಿ. ಎರಡು, ಹೈಪೋಥಲಾಮಸ್, ಪಿಟ್ಯುಟರಿ, ಅಡ್ರಿನಲ್ ಸರಪಳಿಯನ್ನು ಮೂವರು ಮಕ್ಕಳಿಂದ ಚೀಟಿ ದಾಟಿಸುವ ಆಟವಾಗಿ ಮಾಡಿಸಿ. ಕಾರ್ಟಿಸೋಲ್ ಹಿಂದಿರುಗಿ ಮೊದಲನೆಯವರನ್ನು ನಿಲ್ಲಿಸುವ ಹಂತ ಬಿಡಬೇಡಿ. ಮೂರು, ಮೌಲ್ಯಮಾಪನದ ಪ್ರಶ್ನೆ ಕೇಳಿದ ಮೇಲೆ ಮೊದಲು ಪಕ್ಕದವರೊಂದಿಗೆ ಮಾತಾಡಿಕೊಳ್ಳಲು ಬಿಡಿ, ಆಮೇಲೆ ಕೈ ಎತ್ತಿಸಿ. ನನ್ನ ತರಗತಿಯಲ್ಲಿ ಹೀಗೆ ಮಾಡಿದ ದಿನ, ಹಿಂದಿನ ಪಾಠಗಳಲ್ಲಿ ಒಮ್ಮೆಯೂ ಎತ್ತದಿದ್ದ ನಾಲ್ಕು ಕೈಗಳು ಮೇಲೆ ಬಂದವು.